ನಗುವ ಪತ್ತೇದಾರನಿಗೂ ಮಣೆ ಹಾಕೋಣ

ಕನ್ನಡದ ಗಂಭೀರ ಸಾಹಿತ್ಯಲೋಕವು ಪತ್ತೇದಾರಿ ಕಾದಂಬರಿಯನ್ನು ಇಂದಿಗೂ ಜಗಲಿಯ ಮೇಲೆಯೇ ಕೂರಿಸಿದೆ. ಹಾಸ್ಯಕ್ಕೆ ನಡುಮನೆಯವರೆಗೆ ಪ್ರವೇಶ ದೊರೆತಿದೆಯಾದರೂ ಪಂಕ್ತಿಯಲ್ಲಿ ಅದರ ಎಲೆ ಕೊನೆಯದು. ಇವೆರಡೂ ಬೆರೆತ ಬರಹ, ಅಂದರೆ ನಗಿಸುತ್ತಲೇ ರಹಸ್ಯ ಬಿಡಿಸುವ ಕಾದಂಬರಿ, ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಕಲೇಶಪುರ, ಆಲೂರು ಸೀಮೆಯಲ್ಲಿ ಕೆಲವು ಹವ್ಯಾಸಿಗಳು ಇಂಥ ಬರವಣಿಗೆಯಲ್ಲಿ ತೊಡಗಿರುವುದನ್ನು ಹತ್ತಿರದಿಂದ ಬಲ್ಲ ನನಗೆ, ಈ ಅಲಕ್ಷ್ಯದಿಂದ ಆಗುವ ನಷ್ಟ ಸಾಹಿತ್ಯಕ್ಕಿಂತ ಸಮಾಜಕ್ಕೇ ಹೆಚ್ಚು ಎನಿಸುತ್ತದೆ.

ಎರಡೂ ಪರಂಪರೆಗಳು ನಮ್ಮಲ್ಲಿ ಸಾಕಷ್ಟು ಹಳೆಯವು. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ‘ಕೊರವಂಜಿ’ 1967ರವರೆಗೆ ನಡೆಯಿತು. ಇತಿಹಾಸದ ಅಧ್ಯಾಪಕರಾಗಿದ್ದ ನಾ. ಕಸ್ತೂರಿಯವರಂತೆ, ಜೀವನೋಪಾಯಕ್ಕೆ ಬೇರೆ ಕೆಲಸವಿದ್ದವರು ಅದರಲ್ಲಿ ಬರೆದರು. ಪರಸ್ಪರ ಓದಿ ಬೆಳೆದರು. ಇನ್ನೊಂದೆಡೆ, ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ದಿಂದ ತೊಡಗಿ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪುಸ್ತಕವನ್ನೇ ಮುಟ್ಟದವರ ಕೈಗೂ ಪುಸ್ತಕ ಹಿಡಿಸಿದರು. 2011ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರ ಓದುಗರ ಸಂಖ್ಯೆಗೆ ತಕ್ಕ ವಿಮರ್ಶೆ ಅವರಿಗೆ ಸಿಗಲಿಲ್ಲ.

ಈ ಎರಡು ಹೊಳೆಗಳು ಕೂಡಿದ್ದು ನಮ್ಮ ನೆರೆಯ ಮೂಡಿಗೆರೆಯಲ್ಲಿ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಏಲಕ್ಕಿ ಬೆಳೆಯ ಕುಸಿತದ ಹಿಂದಿನ ಕಾರಣ ಹುಡುಕುವ ತನಿಖೆಯ ಕಥೆ. ಓದುವಾಗ ನಗು ತಡೆಯಲಾಗದು. ಮುಗಿಸಿದಾಗ ನಗು ಉಳಿಯದು. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಅದನ್ನು ತೇಜಸ್ವಿಯವರ ವೈಯಕ್ತಿಕ ಪ್ರತಿಭೆಯ ಖಾತೆಗೆ ಜಮಾ ಮಾಡಿ, ಪ್ರಕಾರವನ್ನು ಮಾತ್ರ ಮತ್ತೆ ಜಗಲಿಗೆ ಕಳುಹಿಸಿದೆವು.

ಮಲೆನಾಡಿನ ಈ ಅಂಚಿನಲ್ಲೇ ಇಂಥ ಕಥೆ ಏಕೆ ಹುಟ್ಟಬೇಕು? ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಕಾರಣ ನಮ್ಮ ಕಾನೂನುಗಳಲ್ಲಿ ಕಾಣುತ್ತದೆ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ತಾನೇ ಬೆಳೆದ ಕಾಫಿಯನ್ನು ತಾನೇ ಹೊರಗೆ ಮಾರಿದರೆ ಅಪರಾಧ. ಈ ಕಡ್ಡಾಯ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ತೊಲಗಿತು. ಶ್ರೀಗಂಧದ ಕಥೆಯೂ ಇಂಥದ್ದೇ. 2001ರ ಕಾನೂನು ತಿದ್ದುಪಡಿಯವರೆಗೆ ನಮ್ಮ ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದು. ಆದ್ದರಿಂದ ಗಿಡ ಮೊಳೆತರೆ ಮಾಲೀಕನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ತನ್ನ ವಸ್ತುವನ್ನು ತಾನೇ ಕದ್ದವನು ಕಳ್ಳನೇ ಎಂಬ ಪ್ರಶ್ನೆಗಿಂತ ಒಳ್ಳೆಯ ಹಾಸ್ಯ ಪತ್ತೇದಾರಿಯ ವಸ್ತು ಯಾವ ದೇಶದಲ್ಲಿದೆ?

ನಮ್ಮ ಬಳಗ ಐದು ಜನರದು. ಪ್ರೌಢಶಾಲೆಯ ನಿವೃತ್ತ ಶಿಕ್ಷಕಿ, ಬ್ಯಾಂಕ್ ನೌಕರ, ಸಣ್ಣ ಬೆಳೆಗಾರ್ತಿ, ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು ಮತ್ತು ನಾನು. ತೋಟಗಳಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವರು. ನಮ್ಮ ರೈಟರ್ ಮಾತ್ರ ಈಗ ನಿಜಕ್ಕೂ ಕಾದಂಬರಿ ಬರೆಯುತ್ತಿದ್ದಾರೆ. ಅಧ್ಯಾಯಗಳು ಮೊಬೈಲ್ ಮೂಲಕ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಪ್ರತಿ ಅಧ್ಯಾಯದ ಕೊನೆಗೆ ಓದಿದವರು ಎರಡೇ ಸಂಗತಿ ತಿಳಿಸಬೇಕು: ಯಾರ ಮೇಲೆ ಅನುಮಾನ, ಎಲ್ಲಿ ನಗು ಬಂತು. ಎಲ್ಲರೂ ಒಬ್ಬನನ್ನೇ ಹೆಸರಿಸಿದರೆ ರಹಸ್ಯ ಸೋರಿದೆ; ಕೊನೆಯವರೆಗೂ ಯಾರಿಗೂ ಸುಳಿವೇ ಹತ್ತದಿದ್ದರೆ ಲೇಖಕ ಮೋಸ ಮಾಡಿದ್ದಾನೆ.

ಇದು ನಮ್ಮ ಸ್ವಂತ ಶೋಧವೇನಲ್ಲ. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರು ಕೂಡಿ ‘ಡಿಟೆಕ್ಷನ್ ಕ್ಲಬ್’ ಕಟ್ಟಿದ್ದರು. ಚೆಸ್ಟರ್‌ಟನ್, ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಮೊದಲಾದವರು ಒಬ್ಬೊಬ್ಬರು ಒಂದೊಂದು ಭಾಗ ಬರೆದ ಕಾದಂಬರಿ ಮರುವರ್ಷವೇ ಪ್ರಕಟವಾಯಿತು. ಓದುಗನಿಂದ ಸುಳಿವನ್ನು ಬಚ್ಚಿಡಬಾರದೆಂಬುದು ಅವರ ಕಟ್ಟುಪಾಡು. ಹಿಂದೆ ವಾರಪತ್ರಿಕೆಗಳ ಸಂಪಾದಕರು ಹಸ್ತಪ್ರತಿ ಹಿಂದಿರುಗಿಸಿ ಕಲಿಸುತ್ತಿದ್ದ ಶಿಸ್ತನ್ನು ಇಂದು ಸಹಬರಹಗಾರರೇ ಕಲಿಸಬೇಕಾಗಿದೆ. ಅದರ ಬದಲು ಎಲ್ಲರೂ ಎಲ್ಲರನ್ನೂ ಹೊಗಳುವ ರೂಢಿಯೇ ಹೆಚ್ಚು. ನೋಟು ಅತಿಯಾಗಿ ಅಚ್ಚಾದರೆ ಅದರ ಬೆಲೆ ಇಳಿಯುವಂತೆ, ಹೊಗಳಿಕೆಯೂ ಉಬ್ಬರಿಸಿದರೆ ಬೆಲೆ ಕಳೆದುಕೊಳ್ಳುತ್ತದೆ.

ಇದರ ಸಾಮಾಜಿಕ ಪ್ರಯೋಜನಕ್ಕೆ ಒಂದು ಉದಾಹರಣೆ ಸಾಕು. ರೈಟರ್ ಅವರ ಕಥೆಯಲ್ಲಿ ಕಣದಲ್ಲಿ ಒಣಗುತ್ತಿದ್ದ ಕಾಫಿ ರಾತ್ರೋರಾತ್ರಿ ಮಾಯವಾಗುತ್ತದೆ. ಓದಿದ ನಾಲ್ವರಲ್ಲಿ ಮೂವರು ಮೊದಲ ಅಧ್ಯಾಯಕ್ಕೇ ಲೈನುಮನೆಯ ಅಸ್ಸಾಮಿ ಕಾರ್ಮಿಕನನ್ನು ಹೆಸರಿಸಿದರು. ಅವನ ವಿರುದ್ಧ ಕಥೆಯಲ್ಲಿ ಒಂದು ಸಾಕ್ಷ್ಯವೂ ಇರಲಿಲ್ಲ. ಅವನು ಹೊರಗಿನವನು ಎಂಬುದಷ್ಟೇ ಇತ್ತು. ಕೊನೆಗೆ ಕಳ್ಳ ಸಿಕ್ಕಿದ್ದು ಸಾಲದ ಲೆಕ್ಕ ಮುಚ್ಚಿಡಲು ಹೊರಟ ಮಾಲೀಕನ ಅಳಿಯನಲ್ಲಿ. ಕಥೆಯಲ್ಲಾದರೆ ನಕ್ಕು ಮುಗಿಯಿತು. ಕಾಫಿಯ ಬೆಲೆ ಏರಿದಾಗಲೆಲ್ಲ ಕಳ್ಳತನದ ಸುದ್ದಿ ಹಬ್ಬುವ ನಿಜವಾದ ಊರಿನಲ್ಲಿ, ಮೊದಲ ಏಟು ಬೀಳುವುದು ಅಂಥವನ ಬೆನ್ನಿಗೇ. ಭಾಷಣ ಮಾಡಿದ್ದರೆ ಯಾರೂ ಒಪ್ಪದಿದ್ದ ಮಾತನ್ನು ಆ ಕಥೆ ಓದುಗರ ಬಾಯಿಂದಲೇ ಹೊರಡಿಸಿತು.

ಕಾಡಾನೆ ದಾಳಿಯಿಂದ ಜನ ಸಾಯುತ್ತಿರುವ ಸೀಮೆಯಲ್ಲಿ ಹಾಸ್ಯವೇಕೆ ಎಂದು ಕೇಳುವವರಿದ್ದಾರೆ. ದಸರೆಯ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರಿನಲ್ಲಿ ಇದೇ ಸಕಲೇಶಪುರದ ಕಾಡಿನಲ್ಲಿ ಒಂಟಿಸಲಗದೊಡನೆ ಕಾದಾಡಿ ಪ್ರಾಣಬಿಟ್ಟನು. ಇಂಥ ದುಃಖವನ್ನು ನಗೆಯ ಸರಕಾಗಿಸುವುದು ಸಲ್ಲದು ನಿಜ. ಆದರೆ ಪರಿಹಾರದ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವ ವೇಗ ಖಂಡಿತ ನಗೆಯ ವಸ್ತು. ಕಚೇರಿಯ ಒಳಗೆ ಕುಳಿತಿದ್ದವನಾಗಿ ಹೇಳುತ್ತೇನೆ: ಮನವಿ ಪತ್ರಕ್ಕೆ ಹಿಂಬರಹ ಕೊಟ್ಟು ಸುಮ್ಮನಾಗಬಹುದು, ಜನರ ನಗೆಗೆ ಹಿಂಬರಹ ಕೊಡಲಾಗದು.

ಹಾಗಾದರೆ ಆಗಬೇಕಾದುದೇನು? 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ಆಸ್ತಿ ತೆರಿಗೆಯೊಡನೆ ನಾವೆಲ್ಲ ಗ್ರಂಥಾಲಯ ಕರ ತೆರುತ್ತಿದ್ದೇವೆ. ಆ ಹಣದ ಪುಸ್ತಕ ಖರೀದಿಯಲ್ಲಿ ಪತ್ತೇದಾರಿ, ಹಾಸ್ಯ ಕೃತಿಗಳಿಗೆ ನ್ಯಾಯವಾದ ಪಾಲು ಇರಲಿ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿವೆ. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ವಾರಕ್ಕೊಂದು ಸಂಜೆ ಸ್ಥಳೀಯ ಹವ್ಯಾಸಿಗಳ ಒಂದು ಅಧ್ಯಾಯ ಓದಿಸಿ, ಕಳ್ಳ ಯಾರೆಂದು ಕೇಳುಗರನ್ನೇ ಕೇಳಲಿ. ಇದಕ್ಕೆ ಹೊಸ ಯೋಜನೆಯಾಗಲಿ, ಅನುದಾನವಾಗಲಿ ಬೇಕಿಲ್ಲ. ಒಂದು ದೀಪ, ನಾಲ್ಕು ಬೆಂಚು ಸಾಕು. ಸಾಕ್ಷ್ಯ ಕೇಳದೆ ಅನುಮಾನಿಸುವುದು ಸುಲಭವಾಗಿರುವ ಈ ಕಾಲದಲ್ಲಿ, ಕೊನೆಯ ಪುಟದವರೆಗೆ ತೀರ್ಪನ್ನು ತಡೆಹಿಡಿಯಲು ಕಲಿಸುವ ಸಾಹಿತ್ಯವನ್ನು ಕ್ಷುಲ್ಲಕವೆನ್ನುವುದು ಹೇಗೆ?