‘ಕಾನ್ಫಿಡೆನ್ಸ್ ಇಟ್ಕೊ ಮಗಾ’ ಅಂದ್ರೆ ಸಾಕಾ?

ಗೇಮಿಂಗ್ ಟೂರ್ನಮೆಂಟ್ ಶುರುವಾಗೋ ಮುಂಚೆ ನಮ್ಮ ಕ್ಯಾಂಪಸ್‌ನಲ್ಲಿ ಅತಿ ಹೆಚ್ಚು ಕೇಳಿಬರೋ ಮಾತು: “ಕಾನ್ಫಿಡೆನ್ಸ್ ಇಟ್ಕೊ ಮಗಾ, ಆಗುತ್ತೆ.” ಸೋತು ಹೊರಗೆ ಬಂದ ಮೇಲೆ ಕೇಳೋದು: “ಕಾನ್ಫಿಡೆನ್ಸ್ ಇರ್ಲಿಲ್ಲ ಮಚ್ಚಾ, ಅದಕ್ಕೇ ಹೋಯ್ತು.” ಗೆದ್ರೂ ಅದೇ ಕಾರಣ, ಸೋತ್ರೂ ಅದೇ ಕಾರಣ. ಆದ್ರೆ ಆ ಕಾನ್ಫಿಡೆನ್ಸ್ ಅನ್ನೋದು ಎಲ್ಲಿಂದ ಬರುತ್ತೆ, ಇಲ್ಲದವನು ಅದನ್ನ ಹೇಗೆ ಸಂಪಾದಿಸಬೇಕು ಅಂತ ಮಾತ್ರ ಯಾರೂ ಹೇಳಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಆತ್ಮವಿಶ್ವಾಸ ಮ್ಯಾಚ್‌ಗೆ ಐದು ನಿಮಿಷ ಮೊದಲು ಕೂಗಿ ತರಿಸ್ಕೊಳ್ಳೋ ವಸ್ತು ಅಲ್ಲ. ಅದು ಪಿಗ್ಮಿ ಕಟ್ಟಿದ ಹಾಗೆ, ದಿನಾ ಸ್ವಲ್ಪ ಸ್ವಲ್ಪ ಸೇರಬೇಕು. ನಮ್ಮ ಕಾಲೇಜ್ ಫೆಸ್ಟ್‌ಗಳಲ್ಲಿ ಗೇಮಿಂಗ್ ಈವೆಂಟ್ ನಡೆಸೋ ರೀತಿ ಆ ಉಳಿತಾಯವನ್ನ ಒಂದೇ ಮಧ್ಯಾಹ್ನದಲ್ಲಿ ಖಾಲಿ ಮಾಡಿಸುತ್ತೆ.

ಫೆಸ್ಟ್‌ನಲ್ಲಿ ಏನಾಗುತ್ತೆ ನೋಡಿ. ಬಂಗಾರಪೇಟೆ, ಬೇತಮಂಗಲ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಿಂದ ಬರೋ ಫಸ್ಟ್ ಇಯರ್ ಹುಡುಗ್ರು ನಾಲ್ಕು ಜನ ಸೇರಿ ಬಿಜಿಎಂಐಗೆ ಹೆಸರು ಕೊಡ್ತಾರೆ. ಒಂದು ಮ್ಯಾಚ್, ಹೆಚ್ಚಂದ್ರೆ ಎರಡು. ಹದಿನೈದು ನಿಮಿಷದಲ್ಲಿ ಔಟ್. ಮನೆಗೆ ಹೋಗ್ತಾರೆ. ಮುಂದಿನ ವರ್ಷ ಆ ನಾಲ್ಕು ಹೆಸರು ಲಿಸ್ಟ್‌ನಲ್ಲಿ ಇರಲ್ಲ. ಕೇಳಿದ್ರೆ “ನಮ್ಮ ಲೆವೆಲ್ ಅಲ್ಲ ಗುರು ಅದು” ಅಂತಾರೆ. ಒಂದೇ ಮ್ಯಾಚ್ ಆಡಿ ತಮ್ಮ ಲೆವೆಲ್ ಏನು ಅಂತ ತೀರ್ಮಾನ ಮಾಡ್ಕೊಂಡು ಬಿಟ್ರು. ನನಗೆ ಬೇಜಾರಾಗೋದು ಅವರು ಸೋತಿದ್ದಕ್ಕಲ್ಲ, ಆ ತೀರ್ಮಾನಕ್ಕೆ.

ನಾವು ಇಂಜಿನಿಯರಿಂಗ್ ಓದೋರು, ಸ್ವಲ್ಪ ಲೆಕ್ಕ ಹಾಕೋಣ. ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ 16 ಟೀಮ್ ಒಂದೇ ಮ್ಯಾಪ್‌ಗೆ ಇಳಿಯುತ್ವೆ. ಹದಿನಾರೂ ಸಮಾನ ಬಲದ ಟೀಮ್‌ಗಳು ಅಂತ ಇಟ್ಕೊಳ್ಳಿ. ಒಂದು ಮ್ಯಾಚ್ ಗೆಲ್ಲೋ ಸಾಧ್ಯತೆ 1/16, ಗೆಲ್ಲದೇ ಇರೋ ಸಾಧ್ಯತೆ 15/16. ಸತತ 16 ಮ್ಯಾಚ್ ಆಡಿಯೂ ಒಂದೂ ಗೆಲ್ಲದೇ ಇರೋ ಸಾಧ್ಯತೆ 15/16ರ ಹದಿನಾರನೇ ಘಾತ. ಕ್ಯಾಲ್ಕುಲೇಟರ್ ಒತ್ತಿ ನೋಡಿ, ಸುಮಾರು 0.36 ಬರುತ್ತೆ. ಅಂದ್ರೆ ಉಳಿದವರಿಗಿಂತ ಒಂಚೂರೂ ಕಡಿಮೆ ಇಲ್ಲದ ಟೀಮ್ ಕೂಡ 16 ಮ್ಯಾಚ್‌ನಲ್ಲಿ ಒಂದು ಚಿಕನ್ ಡಿನ್ನರ್ ಇಲ್ಲದೇ ಮನೆಗೆ ಹೋಗೋ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಜೋನ್ ಯಾವ ಕಡೆ ಬಂತು, ಯಾವ ಮನೇಲಿ ಯಾವ ಗನ್ ಸಿಕ್ತು, ಪಕ್ಕದಲ್ಲಿ ಯಾವ ಟೀಮ್ ಇಳೀತು, ಎಲ್ಲಾ ಇದರಲ್ಲಿ ಸೇರಿದೆ. ಇಂಥ ಆಟದಲ್ಲಿ ಒಂದೇ ರಿಸಲ್ಟ್‌ಗೆ ಆತ್ಮವಿಶ್ವಾಸ ಕಟ್ಟಿಹಾಕಿದ್ರೆ ಅದು ದಿನಕ್ಕೆ ಹತ್ತು ಸಲ ಏಳುತ್ತೆ, ಹತ್ತು ಸಲ ಬೀಳುತ್ತೆ.

ಗದ್ದಲದ ಮಧ್ಯೆ ನಿಜವಾದ ಸಿಗ್ನಲ್ ಹುಡುಕೋದು ಹೇಗೆ ಅನ್ನೋದಕ್ಕೆ ನಮ್ಮ ಕೆಜಿಎಫ್‌ನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಟಿಐಎಫ್‌ಆರ್‌ನ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡ್‌ನವರ ಜೊತೆ ಸೇರಿ ವಾತಾವರಣದ ನ್ಯೂಟ್ರಿನೋಗಳನ್ನ ಪತ್ತೆ ಮಾಡಿದ್ರು. ಅಷ್ಟು ಆಳಕ್ಕೆ ಹೋಗಿದ್ದು ಯಾಕೆ? ಮೇಲೆ ಕಾಸ್ಮಿಕ್ ಕಿರಣಗಳ ಗದ್ದಲ ಜಾಸ್ತಿ, ಬಂಡೆ ಅದನ್ನ ತಡೆಯುತ್ತೆ. ಅಷ್ಟಾದ್ರೂ ಒಂದೊಂದು ಸಿಗ್ನಲ್‌ಗೆ ದಿನಗಟ್ಟಲೆ ಕಾಯಬೇಕಿತ್ತು. ಒಂದು ರಾತ್ರಿ ಏನೂ ಬರ್ಲಿಲ್ಲ ಅಂತ ಯಾರೂ ಡಿಟೆಕ್ಟರ್ ಬಿಚ್ಚಿಟ್ಟು ಮೇಲೆ ಬರ್ಲಿಲ್ಲ. ನಮ್ಮ ಆಟಕ್ಕೂ ಇದೇ ಅನ್ವಯ: ಗದ್ದಲ ಕಡಿಮೆ ಮಾಡಿ, ಡೇಟಾ ಜಾಸ್ತಿ ಕೂಡಿಸಿ, ಆಮೇಲೆ ತೀರ್ಮಾನ.

ಯಾವ ಡೇಟಾ? ಇಲ್ಲಿ ಆಲ್ಬರ್ಟ್ ಬಂಡೂರಾ ಅನ್ನೋ ಮನೋವಿಜ್ಞಾನಿ ಸಹಾಯಕ್ಕೆ ಬರ್ತಾರೆ. ‘ಈ ಕೆಲಸ ನನ್ನಿಂದ ಆಗುತ್ತೆ’ ಅನ್ನೋ ನಂಬಿಕೆ ನಾಲ್ಕು ಕಡೆಯಿಂದ ಬರುತ್ತೆ ಅಂತ 1977ರಲ್ಲಿ ಬರೆದ್ರು. ನಾವೇ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡಿದ್ದನ್ನ ನೋಡೋದು, ನಂಬಿಕೆ ಇರೋರು ಹೇಳೋ ಮಾತು, ನಮ್ಮ ಮೈಯಲ್ಲಿ ಆಗೋದನ್ನ ನಾವು ಅರ್ಥ ಮಾಡ್ಕೊಳ್ಳೋ ರೀತಿ. ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. “ಇಟ್ಕೊ ಮಗಾ” ಅನ್ನೋದು ಮೂರನೇದು ಮಾತ್ರ. ನಾವು ಮೂರು ಬಾಗಿಲು ಮುಚ್ಚಿ ಒಂದನ್ನೇ ಬಡೀತಾ ಕೂತಿದ್ದೀವಿ.

ಮೊದಲನೆಯದನ್ನ ಪ್ರಾಕ್ಟಿಕಲ್ ಆಗಿ ಹೇಳ್ತೀನಿ. ‘ಇವತ್ತು ಗೆಲ್ಲಬೇಕು’ ಅನ್ನೋ ಗುರಿ ನಿಮ್ಮ ಕೈಯಲ್ಲಿ ಇಲ್ಲ. ‘ಇವತ್ತು ಪ್ರತಿ ಫೈಟ್‌ಗೂ ಮುಂಚೆ ಕವರ್ ಎಲ್ಲಿದೆ ಅಂತ ನೋಡ್ಕೊಂಡೇ ಶೂಟ್ ಮಾಡ್ತೀನಿ’ ಅನ್ನೋದು ನಿಮ್ಮ ಕೈಯಲ್ಲಿದೆ. ಒಂದು ವಾರ ಅದೊಂದೇ. ಮ್ಯಾಚ್ ಮುಗಿದ ಮೇಲೆ ನೋಟ್‌ಬುಕ್‌ನಲ್ಲಿ ಒಂದು ಸಾಲು: ಯಾಕೆ ಸತ್ತೆ? ಮೂರು ಕಾಲಂ ಸಾಕು: ಏಮ್, ನಿರ್ಧಾರ, ನೆಟ್‌ವರ್ಕ್ ಅಥವಾ ಲಕ್. ಐವತ್ತು ಸಾಲು ಆದ ಮೇಲೆ ನೋಡಿ. ಏಮ್ ಸರಿ ಇಲ್ಲ ಅಂತ ದಿನಾ ಎರಡು ಗಂಟೆ ಟ್ರೇನಿಂಗ್ ಗ್ರೌಂಡ್‌ನಲ್ಲಿ ಕೂರೋರಿಗೆ ನಿಜವಾದ ತೊಂದರೆ ನಿರ್ಧಾರದ ಕಾಲಂನಲ್ಲಿ ಇರಬಹುದು. ಏನು ಸರಿ ಇಲ್ಲ ಅಂತ ಗೊತ್ತಾದ್ರೆ ಅರ್ಧ ಭಯ ಹೋಗುತ್ತೆ. ಅದು ಸರಿಯಾಗ್ತಾ ಬಂದಿದ್ದು ಬರವಣಿಗೆಯಲ್ಲೇ ಕಂಡ್ರೆ ಉಳಿದ ಅರ್ಧವೂ ಹೋಗುತ್ತೆ.

ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ, ಯಾವಾಗ ಬಂಡೆ ಸಿಡಿಯುತ್ತೋ ಹೇಳೋಕಾಗಲ್ಲ. ಭಯ ಆಗ್ತಿರ್ಲಿಲ್ವಾ ಅಂತ ಕೇಳಿದ್ರೆ, ಆಗ್ತಿತ್ತು ಅಂತಾನೇ ಹೇಳ್ತಾರೆ. ಆದ್ರೆ ಕೆಲಸ ಶುರು ಮಾಡೋ ಮುಂಚೆ ಮೇಲಿನ ಬಂಡೆ ಬಡಿದು ಶಬ್ದ ಕೇಳೋದು, ಟೊಳ್ಳು ಅನ್ಸಿದ್ರೆ ಆ ಕಡೆ ಹೋಗದೇ ಇರೋದು, ಇದನ್ನ ದಿನಾ ತಪ್ಪದೇ ಮಾಡ್ತಿದ್ರಂತೆ. 2018ರಲ್ಲಿ ಸಿನಿಮಾ ಬಂದ ಮೇಲೆ ಕೆಜಿಎಫ್ ಅಂದ ಕೂಡಲೇ ಎಲ್ಲರೂ ಮಾಸ್ ಡೈಲಾಗ್ ನಿರೀಕ್ಷೆ ಮಾಡ್ತಾರೆ. ಗೇಮ್ ಲಾಬಿಯಲ್ಲೂ ಊರಿನ ಹೆಸರು ಹೇಳಿದ್ರೆ ಸಾಕು, ಶುರುವಾಗುತ್ತೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚೋ ತನಕ ಕೆಳಗೆ ಇಳೀತಿದ್ದವರ ಧೈರ್ಯದಲ್ಲಿ ಡೈಲಾಗ್ ಇರ್ಲಿಲ್ಲ, ದಿನಾ ಮಾಡೋ ಅಭ್ಯಾಸ ಇತ್ತು. ಪಂದ್ಯಕ್ಕೆ ಬೇಕಾಗಿರೋದೂ ಅಂಥ ಧೈರ್ಯವೇ.

ಎರಡನೇದು, ನಮ್ಮಂಥವರನ್ನ ನೋಡೋದು. ಪ್ರೋ ಪ್ಲೇಯರ್ ಅಂದ್ರೆ ಮುಂಬೈ, ದೆಹಲಿ, ಕೊನೆಗೆ ಬೆಂಗಳೂರು ಅಂತ ನಮ್ಮ ತಲೇಲಿ ಕೂತಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿ ಇದ್ದಾಗ ಹಾರ್ತ್‌ಸ್ಟೋನ್‌ನಲ್ಲಿ ಕಂಚು ಗೆದ್ದ ತೀರ್ಥ್ ಮೆಹ್ತಾ ಗುಜರಾತಿನ ಭುಜ್‌ನವರು. ಭುಜ್ ಮೆಟ್ರೋ ಸಿಟಿ ಏನಲ್ಲ. ದೊಡ್ಡ ಊರಿಂದ ಬರದೇ ಇದ್ರೂ ಆಗುತ್ತೆ ಅಂತ ತೋರಿಸೋಕೆ ಒಂದು ಹೆಸರು ಸಾಕು.

ಸೋಲನ್ನ ದಾಟಿದವರನ್ನೂ ನೋಡಬೇಕು. ಲೀಗ್ ಆಫ್ ಲೆಜೆಂಡ್ಸ್‌ನ ‘ಫೇಕರ್’ 2016ರ ಹೊತ್ತಿಗೆ ಮೂರು ಸಲ ವಿಶ್ವ ಚಾಂಪಿಯನ್. 2017ರ ಫೈನಲ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎದುರು 0–3 ಸೋತ್ರು. 2022ರ ಫೈನಲ್‌ನಲ್ಲೂ ಸೋಲು. ಮತ್ತೆ ಕಪ್ ಎತ್ತಿದ್ದು 2023ರಲ್ಲಿ, 2024ರಲ್ಲಿ ಇನ್ನೊಂದು. ಮಧ್ಯೆ ಏಳು ವರ್ಷ! ನಮ್ಮ ಗುಕೇಶ್ 2024ರ ನವೆಂಬರ್‌ನಲ್ಲಿ ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಮೊದಲ ಗೇಮನ್ನೇ ಡಿಂಗ್ ಲಿರೆನ್‌ಗೆ ಬಿಟ್ಟುಕೊಟ್ರು. ಮೂರನೇ ಗೇಮ್ ಗೆದ್ರು, 14 ಗೇಮ್ ಮುಗಿಯೋ ಹೊತ್ತಿಗೆ 7.5–6.5. ಆಗ ಅವರಿಗೆ 18 ವರ್ಷ, ನಮ್ಮ ವಯಸ್ಸೇ. ಜೊತೆಗೆ ಮಾನಸಿಕ ತರಬೇತಿಗೆ ಪ್ಯಾಡಿ ಆಪ್ಟನ್ ಇದ್ರು ನಿಜ. ಆದ್ರೆ ಇನ್ನೊಂದು ವಿಷಯ ಗಮನಿಸಿ: ಮೊದಲ ಸೋಲಿನ ನಂತರ ಇನ್ನೂ 13 ಗೇಮ್ ಇದ್ವು. ನಮ್ಮ ಫೆಸ್ಟ್ ಥರ ಒಂದೇ ಆಟದ ನಾಕೌಟ್ ಆಗಿದ್ರೆ ಗುಕೇಶ್ ಕೂಡ ಮೊದಲ ದಿನವೇ ಮನೆಗೆ.

ಮೂರನೇದು ಮಾತು. ಒಂದು ತಪ್ಪಾದ ಕೂಡಲೇ ಟೀಮ್‌ಮೇಟ್ ಕಿವಿಗೆ ಬೈಗುಳ ಸುರೀತಾನೆ. ಅದಾದ ಮೇಲೆ ಆ ಹುಡುಗ ಗೆಲ್ಲೋಕೆ ಆಡಲ್ಲ, ಬೈಸ್ಕೊಳ್ಳದೇ ಇರೋಕೆ ಆಡ್ತಾನೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರು ಚೆನ್ನಾಗಿ ಆಡ್ತಾರೆ, ಆದ್ರೆ ಮೈಕ್ ಆಫ್ ಮಾಡ್ಕೊಂಡು. ಧ್ವನಿ ಕೇಳಿದ ಕೂಡಲೇ ಬರೋ ಕಾಮೆಂಟ್‌ಗಳು ಎಂಥವು ಅಂತ ನಿಮಗೂ ಗೊತ್ತು. ಮೈಕ್ ಇಲ್ಲದೇ ಸ್ಕ್ವಾಡ್ ಆಟ ಆಡೋದು ಅಂದ್ರೆ ಕಣ್ಣು ಕಟ್ಟಿ ಕಬಡ್ಡಿ ಆಡಿದ ಹಾಗೆ. ಅವರಿಗೆ ಕಾನ್ಫಿಡೆನ್ಸ್ ಇಲ್ಲ ಅನ್ನೋ ಮುಂಚೆ ಅದನ್ನ ಕಿತ್ಕೊಂಡಿದ್ದು ಯಾರು ಅಂತ ಕೇಳ್ಕೊಳ್ಳೋಣ.

ಭಾಷೆ ವಿಷಯಾನೂ ಇದೆ. ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಆದ್ರೂ ಫೈಟ್ ಮಧ್ಯೆ ಬಾಯಿಗೆ ಬರೋದು “ಎಡಗಡೆ ಎಡಗಡೆ, ಮರದ ಹಿಂದೆ” ಅಂತಾನೇ. ಸುಮಾರು ಟೀಮ್‌ಗಳು ಸ್ಟ್ರೀಮರ್‌ಗಳನ್ನ ನೋಡಿ ಬಾರದ ಹಿಂದಿಯಲ್ಲಿ ಕಾಲ್ ಕೊಡೋಕೆ ಹೋಗಿ ತಡವರಿಸ್ತಾರೆ. ನಮ್ಮೂರಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲಾ ಇದೆ. ನಾಲ್ಕು ಜನಕ್ಕೂ ತಟ್ಟನೆ ಬರೋ ಭಾಷೇಲಿ ಹತ್ತು ಹದಿನೈದು ಚಿಕ್ಕ ಪದ ನಿಗದಿ ಮಾಡ್ಕೊಳ್ಳಿ, ಅಷ್ಟೇ. ಯೋಚಿಸಿ ಮಾತಾಡೋ ಭಾರ ಇಳಿದ್ರೆ ಆಟ ಹಗುರ ಆಗುತ್ತೆ.

ನಾಲ್ಕನೇದು ಮೈ. ಮ್ಯಾಚ್‌ಗೆ ಮುಂಚೆ ಎದೆ ಹೊಡ್ಕೊಳ್ಳುತ್ತೆ, ಬೆರಳು ಬೆವರುತ್ತೆ. “ಟೆನ್ಷನ್ ಬೇಡ” ಅಂದ್ರೆ ಹೋಗಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡೋ ಮುಂಚೆ, ಭಾಷಣ ಮಾಡೋ ಮುಂಚೆ, ಲೆಕ್ಕ ಮಾಡೋ ಮುಂಚೆ ‘ನನಗೆ ಉತ್ಸಾಹ ಆಗ್ತಿದೆ’ ಅಂತ ತಮಗೆ ತಾವೇ ಹೇಳ್ಕೊಂಡವರು ‘ಶಾಂತವಾಗಿದ್ದೀನಿ’ ಅಂತ ಹೇಳ್ಕೊಂಡವರಿಗಿಂತ ಚೆನ್ನಾಗಿ ಮಾಡಿದ್ರು. ಎದೆಬಡಿತ ಭಯಕ್ಕೂ ಒಂದೇ, ಉತ್ಸಾಹಕ್ಕೂ ಒಂದೇ. ಹೆಸರು ಕೊಡೋದು ನಾವು. ಬೆರಳು ಬೆವರಿದ್ರೆ ಕರ್ಚೀಫಲ್ಲಿ ಒರೆಸ್ಕೊಂಡು, “ಮೈ ರೆಡಿ ಆಗ್ತಿದೆ” ಅಂದ್ಕೊಳ್ಳಿ. ಹಿಂದಿನ ರಾತ್ರಿ ಮೂರು ಗಂಟೆ ತನಕ ಗ್ರೈಂಡ್ ಮಾಡಿ, ಬೆಳಿಗ್ಗೆ ಮಾರಿಕುಪ್ಪಂ ಟ್ರೇನ್‌ನಲ್ಲಿ ತೂಕಡಿಸ್ಕೊಂಡು ಬಂದ್ರೆ ಮಾತ್ರ ಯಾವ ಮಂತ್ರವೂ ಕೆಲಸ ಮಾಡಲ್ಲ.

‘ಇದೆಲ್ಲಾ ಸರಿ, ನಮ್ಮ ಫೋನ್ ನೋಡಿದ್ದೀಯಾ’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನುಷ್ಯ ಕಣ್ಣಲ್ಲಿ ನೋಡಿ ಬೆರಳು ಒತ್ತೋಕೆ ಹತ್ತಿರ ಹತ್ತಿರ 200ರಿಂದ 250 ಮಿಲಿಸೆಕೆಂಡ್ ಬೇಕು. ಅದರ ಮೇಲೆ 120 ಪಿಂಗ್ ಇದ್ರೆ 30 ಪಿಂಗ್ ಇರೋನ ಎದುರು ನಿಜವಾಗ್ಲೂ ಹಿಂದೆ ಬೀಳ್ತೀವಿ. ಇದನ್ನ ಮುಚ್ಚಿಟ್ಟು ‘ಮನಸ್ಸಿದ್ರೆ ಮಾರ್ಗ’ ಅಂತ ಭಾಷಣ ಮಾಡೋದು ಮೋಸ. ಆದ್ರೆ ಲ್ಯಾಗ್ ಆಗೋ ಫೋನ್ ಇರೋನು ಮುಖಾಮುಖಿ ಫೈಟ್‌ಗೆ ನುಗ್ಗೋ ಬದಲು ಜೋನ್ ಓದೋದು, ರೊಟೇಶನ್ ಪ್ಲಾನ್ ಮಾಡೋದು, ಕಾಲ್ ಕೊಡೋದು ಕಲಿಬಹುದು. ಅದಕ್ಕೆ ಮಿಲಿಸೆಕೆಂಡ್ ಲೆಕ್ಕ ಇಲ್ಲ. ತನ್ನ ಮಿತಿ ಎಷ್ಟು ಅಂತ ಗೊತ್ತಿರೋನ ವಿಶ್ವಾಸ ಬೇಗ ಮುರಿಯಲ್ಲ.

ಇನ್ನು ಮನೆ. ‘ಮೊಬೈಲ್ ಆಟ’ ಅಂದ್ರೆ ಅಪ್ಪ ಅಮ್ಮನಿಗೆ ದುಡ್ಡು ಕಳ್ಕೊಳ್ಳೋ ಆ್ಯಪ್‌ಗಳೇ ಕಣ್ಮುಂದೆ ಬರುತ್ತೆ. ಅವರ ಭಯ ಸುಳ್ಳಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನ ಬೇರೆಯಾಗಿ ಗುರುತಿಸಿದೆ. ಈ ವ್ಯತ್ಯಾಸ ಮನೆಯಲ್ಲಿ ಕೂತು ಸಮಾಧಾನವಾಗಿ ಹೇಳಿ, ಆಡೋ ಹೊತ್ತು ಇಷ್ಟೇ ಅಂತ ಒಪ್ಪಂದ ಮಾಡ್ಕೊಳ್ಳಿ. ಕದ್ದು ಆಡೋನ ಅರ್ಧ ಗಮನ ಬಾಗಿಲ ಕಡೆಗೇ ಇರುತ್ತೆ.

ನಮ್ಮಲ್ಲಿ ಬಹುತೇಕರು ಪ್ರೋ ಆಗಲ್ಲ. ಆಗಬೇಕು ಅಂತಾನೂ ನಾನು ಹೇಳ್ತಿಲ್ಲ. ಆದ್ರೆ ‘ನಮ್ಮ ಲೆವೆಲ್ ಅಲ್ಲ’ ಅನ್ನೋ ಮಾತು ಫೋನ್‌ನಲ್ಲಿ ನಿಲ್ಲಲ್ಲ. ನಾಳೆ ಹ್ಯಾಕಥಾನ್ ಫಾರ್ಮ್ ಮುಂದೆಯೂ ಬರುತ್ತೆ, ಪ್ಲೇಸ್‌ಮೆಂಟ್ ಲಿಸ್ಟ್ ಮುಂದೆಯೂ ಬರುತ್ತೆ. ಅದನ್ನ ಹತ್ತೊಂಬತ್ತನೇ ವಯಸ್ಸಿಗೇ ಅಭ್ಯಾಸ ಮಾಡ್ಕೊಳ್ಳೋದು ಬೇಡ.

ಅದಕ್ಕೆ ಫೆಸ್ಟ್ ಕಮಿಟಿಗೆ ನನ್ನ ಬೇಡಿಕೆ ಇಷ್ಟು. ಈ ಸಲ ಒಂದು ಮ್ಯಾಚ್‌ನ ನಾಕೌಟ್ ಬಿಡಿ, ಎರಡು ದಿನದಲ್ಲಿ ಆರು ಮ್ಯಾಚ್ ಇಟ್ಟು ಪಾಯಿಂಟ್ಸ್ ಮೇಲೆ ನಿರ್ಧರಿಸಿ. ಪ್ರತಿ ದಿನದ ಕೊನೆಗೆ ಅರ್ಧ ಗಂಟೆ, ಸೀನಿಯರ್ ಟೀಮ್‌ಗಳು ಜೂನಿಯರ್ ಟೀಮ್‌ಗಳ ಜೊತೆ ಕೂತು ಆಡಿದ್ದನ್ನ ಒಟ್ಟಿಗೆ ನೋಡಲಿ. ಮೈಕ್‌ನಲ್ಲಿ ಬೈದ್ರೆ ಪಾಯಿಂಟ್ ಕಟ್. ಖರ್ಚು ಏನೂ ಜಾಸ್ತಿ ಆಗಲ್ಲ, ಒಂದು ಕ್ಲಾಸ್‌ರೂಮ್ ಇನ್ನೊಂದು ದಿನಕ್ಕೆ ಬೇಕಾಗುತ್ತೆ ಅಷ್ಟೇ. ಕಮಿಟಿಯವರು ಒಪ್ಪಿದ್ರೆ ಪಾಯಿಂಟ್ಸ್ ಟೇಬಲ್ ಎಕ್ಸೆಲ್ ಶೀಟ್ ಮಾಡಿಕೊಡೋಕೆ ನಾನು ರೆಡಿ. ನಿಮ್ಮ ಟೀಮ್ ಹೆಸರು ಕೊಡೋಕೆ ನೀವು ರೆಡೀನಾ?