ಪುಕ್ಕಟೆ ತಂತ್ರಾಂಶ ಕಚೇರಿ ಕೆಲಸಕ್ಕೆ ಆದೀತೆ?



ತೋಟದ ಸೀಮೆಯಿಂದ ದೂರದ ಸಂಡೂರು ತಾಲ್ಲೂಕಿನ ಕುರೆಕುಪ್ಪದಿಂದ ಇದನ್ನು ಬರೆಯುತ್ತಿದ್ದೇವೆ. ಇಲ್ಲಿ ಮಗ್ಗುಲಿಗೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಮೈಮೇಲೆ ಅದಿರಿನ ಧೂಳು. ಆದರೆ ಸಣ್ಣ ಕಚೇರಿಗಳ ಗಣಕಯಂತ್ರದ ತಾಪತ್ರಯ ಇಲ್ಲಿಯೂ ನಿಮ್ಮಲ್ಲಿಯೂ ಒಂದೇ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಹೆಚ್ಚಿನವನ್ನು ಒಪ್ಪುವುದಿಲ್ಲ. ಚೆನ್ನಾಗಿಯೇ ಓಡುತ್ತಿರುವುದನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಬೇಕೆ, ಇಲ್ಲವೆ ಅದಕ್ಕೇ ಲಿನಕ್ಸ್ ಮತ್ತು ಲಿಬ್ರೆಆಫೀಸ್ ಹಾಕಿಕೊಂಡು ಮುಂದುವರಿಯಬೇಕೆ ಎಂಬುದು ಆಡಳಿತ ಮಂಡಳಿಗಳ ಮುಂದಿರುವ ಪ್ರಶ್ನೆ.

ಪುಕ್ಕಟೆ ಸಿಕ್ಕಿದ್ದು ಮಕ್ಕಳಾಟಕ್ಕೆ ಸರಿ, ಕಚೇರಿಗೆ ಆಗದು ಎನ್ನುವವರು ಒಮ್ಮೆ ಕಾಸರಗೋಡಿನ ಕಡೆ ನೋಡಲಿ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಮುಕ್ತ ತಂತ್ರಾಂಶವೇ ನಡೆದುಬಂದಿದೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಉಬುಂಟು ಆಧಾರಿತ ಹೊಸ ಆವೃತ್ತಿ ಹಾಕಲು ಹೊರಟಾಗ, ಇದರಿಂದ 3,000 ಕೋಟಿ ರೂಪಾಯಿ ಉಳಿತಾಯವೆಂದು ಅಲ್ಲಿನ ‘ಕೈಟ್’ ಸಂಸ್ಥೆ ಹೇಳಿತು. ಆ ಲೆಕ್ಕ ಅವರದು, ಬಿಡೋಣ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೆ ಕೂರುವುದು ಇವೇ ಯಂತ್ರಗಳ ಮುಂದೆ. ಅಡಿಕೆ ಬೆಳೆಗಾರರ ಮನೆಯ ಮಕ್ಕಳಿಗೆ ಆಗುವುದು ಅವರ ಸಂಘದ ಗುಮಾಸ್ತರಿಗೆ ಆಗದೆ?

ನಮ್ಮ ಅಭಿಪ್ರಾಯದಲ್ಲಿ ತೊಡಕು ಹೊಸ ತಂತ್ರಾಂಶದಲ್ಲಿಲ್ಲ, ನಮ್ಮ ಹಳೆಯ ಕಡತಗಳಲ್ಲಿದೆ. ‘ನುಡಿ’ ಬಂದು ಕನ್ನಡದ ಬೆರಳಚ್ಚು ಸುಲಭವಾಯಿತು. ಕನ್ನಡ ಗಣಕ ಪರಿಷತ್ತಿಗೆ ನಾವೆಲ್ಲ ಋಣಿಗಳು. ಆದರೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕಡತದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಆ ಫಾಂಟು. ಫಾಂಟಿಲ್ಲದ ಯಂತ್ರದಲ್ಲಿ ಮಹಾಸಭೆಯ ನಡವಳಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹೊಸ ವಿಂಡೋಸ್ ಯಂತ್ರ ಕೊಂಡರೂ ಗತಿ ಇದೇ. ದೂರು ಮಾತ್ರ ಲಿನಕ್ಸಿನ ತಲೆಗೆ! ಯುನಿಕೋಡಿಗೆ ಪರಿವರ್ತಿಸಿದ ಕಡತವಾದರೆ ಎಲ್ಲಿಯೂ ಓದಲು ಬರುತ್ತದೆ, ಮೊಬೈಲಿನಲ್ಲಿ ಕೂಡ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುವುದುಂಟು, ಕೂತು ತಿದ್ದಬೇಕು. ಬೆರಳಿಗೆ ಅಭ್ಯಾಸವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ಇದೆ.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೆ ಆ ಯಂತ್ರವನ್ನು ಸದ್ಯಕ್ಕೆ ಮುಟ್ಟಬೇಡಿ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಡಿಜಿಟಲ್ ಸಹಿಯ ಸಾಧನ, ಪಾಸ್‌ಬುಕ್ ಮುದ್ರಿಸುವ ಪ್ರಿಂಟರ್ ಇವನ್ನೂ ಮೊದಲೇ ಪರೀಕ್ಷಿಸಿಕೊಳ್ಳಿ. ಲಿಬ್ರೆಆಫೀಸಿನ ಪತ್ರ ಬೇರೆಯವರ ವರ್ಡಿನಲ್ಲಿ ತೆರೆದಾಗ ಕೋಷ್ಟಕ ಜರುಗಬಹುದು; ಇಲಾಖೆಗೆ ಪಿ.ಡಿ.ಎಫ್. ಆಗಿಯೇ ಹೋಗಲಿ.

ಇನ್ನು, ಪುಕ್ಕಟೆಯೆಂದರೆ ಖರ್ಚೇ ಇಲ್ಲವೆಂದಲ್ಲ. ಕೆಟ್ಟಾಗ ಬಂದು ನೋಡುವ ಲಿನಕ್ಸ್ ಬಲ್ಲವರು ಸಣ್ಣ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಕ್ಕಪಕ್ಕದ ನಾಲ್ಕು ಸಂಘಗಳು ಸೇರಿ ಒಬ್ಬರನ್ನು ಸಂಬಳ ಕೊಟ್ಟು ಗೊತ್ತುಮಾಡಿಕೊಳ್ಳಬಹುದು. ತಮ್ಮ ಮಾಲನ್ನು ತಾವೇ ಮಾರಲೆಂದು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ ಬೆಳೆಗಾರರಿಗೆ ಇಂಥ ಕೂಡುಕೆಲಸ ಹೊಸದಲ್ಲ.

ಲೆಕ್ಕಪರಿಶೋಧನೆ ಮುಗಿದ ಮೇಲೆ, ಪತ್ರವ್ಯವಹಾರದ ಒಂದೇ ಯಂತ್ರಕ್ಕೆ ಹಾಕಿ ಮೂರು ತಿಂಗಳು ನಡೆಸಿ ನೋಡುವುದು ಮೇಲು. ಅದಕ್ಕೂ ಮೊದಲು ನಡವಳಿ, ಸದಸ್ಯರ ಪಟ್ಟಿ, ಷೇರು ಪಟ್ಟಿಗಳು ಯುನಿಕೋಡಿಗೆ ಬದಲಾಗಿರಲಿ. ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಕಾರ್ಯದರ್ಶಿಗಳ ಬೀರುವಿನಲ್ಲಿರಲಿ.