ಸೂಜಿಗಿಂತ ಮೊದಲು ಚುಚ್ಚುವ ಭಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಯಾಪ್ಸಿಗೋ ಆಂಜಿಯೋಗ್ರಾಮ್‌ಗೋ ನಸುಕಿನ ಬಸ್ಸು ಹಿಡಿದು ವಿಜಯಪುರಕ್ಕೆ ಬರುವ ರೋಗಿ ಹಿಂದಿನ ರಾತ್ರಿ ನಿದ್ದೆ ಮಾಡಿರುವುದಿಲ್ಲ. ‘ಸೂಜಿ ಚುಚ್ಚಿದ್ರ ಗಂಟು ಮೈತುಂಬ ಹಬ್ಬತದಂತ, ಖರೆ ಏನ್ರಿ ಸಾಹೇಬ್ರ?’ ಎಂಬ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ. ಹಾಗೆ ಹಬ್ಬುವುದು ತೀರ ಅಪರೂಪ. ಆದರೆ ಕೂತು ಹೇಳುವವರು ಯಾರು? ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅವಸರವೇ ಹೆಚ್ಚು.

ಹೇಳಬೇಕಾದದ್ದು ಬಹಳವೇನಿಲ್ಲ. ಸಾಮಾನ್ಯವಾಗಿ ಚುಚ್ಚುವ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು ಕೊಡುತ್ತಾರೆ, ಎಚ್ಚರ ಇರುತ್ತದೆ. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಚಿತ್ರದಲ್ಲಿ ಸೂಜಿಯ ತುದಿ ನೋಡುತ್ತಲೇ ವೈದ್ಯರು ಮುಂದುವರಿಯುತ್ತಾರೆ. ಆಂಜಿಯೋಗ್ರಾಮ್‌ನಲ್ಲಿ ಡೈ ಹರಿದಾಗ ಮೈ ಒಮ್ಮೆ ಬಿಸಿಯೆನಿಸಬಹುದು. ಮೊದಲೇ ಗೊತ್ತಿದ್ದವರು ಬೆಚ್ಚುವುದಿಲ್ಲ. ಉದಾಹರಣೆಗೆ, 1929ರಲ್ಲಿ ಜರ್ಮನಿಯ ವೈದ್ಯ ವೆರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳಕ್ಕೆ ನಳಿಕೆ ತೂರಿಸಿಕೊಂಡು, ನಡೆದೇ ಎಕ್ಸ್‌ರೇ ಕೋಣೆಗೆ ಹೋಗಿ ಅದು ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ. ಮುಂದೇನೆಂದು ಅವನಿಗೆ ಗೊತ್ತಿತ್ತು, ನಸುಕಿನ ಬಸ್ಸು ಹಿಡಿದು ಬರುವ ನಮ್ಮ ತೊಗರಿ ಬೆಳೆಗಾರನಿಗೆ ಗೊತ್ತಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ವಿಜಯಪುರಕ್ಕೆ ಕಳಿಸುವ ಚೀಟಿ ಬರೆದುಕೊಡುವಾಗಲೇ ಒಬ್ಬ ನರ್ಸ್ ಇಲ್ಲಿಯ ಮಾತಿನಲ್ಲಿ ಹತ್ತು ನಿಮಿಷ ವಿವರಿಸಲಿ. ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ಅದೇ ಚೀಟಿಯಲ್ಲಿ ಕನ್ನಡದಲ್ಲಿ ಬರೆಯಲಿ.